ನಾರನೌಲಿನ ಸತ್ನಾಮಿಗಳು

ದೊಡ್ಡ ಯುದ್ಧಗಳಿಗೆ ದೊಡ್ಡ ಕಾರಣಗಳೇ ಇರಬೇಕೆಂದು ನಾವು ಭಾವಿಸುವುದುಂಟು. ಕ್ರಿ.ಶ. 1672ರಲ್ಲಿ ಔರಂಗಜೇಬನ ಫಿರಂಗಿಗಳನ್ನು ದೆಹಲಿಯ ನೈರುತ್ಯಕ್ಕಿರುವ ನಾರನೌಲಿಗೆ ಬರಮಾಡಿದುದು ಕಣದಲ್ಲಿದ್ದ ಒಂದು ರಾಶಿ.

ಕಂದಾಯವು ಧಾನ್ಯರೂಪವಾಗಿ ಸಲ್ಲಬೇಕಾದೆಡೆ ರಾಶಿಗೆ ಕಾವಲಿಡುವುದು ಅಂದಿನ ಪದ್ಧತಿ. ಅಂತಹ ಒಬ್ಬ ಕಾವಲಿನ ಕಾಲಾಳಿಗೂ ಸತ್ನಾಮಿ ರೈತನೊಬ್ಬನಿಗೂ ಮಾತಿಗೆ ಮಾತು ಬೆಳೆಯಿತು. ಕಾಲಾಳು ದೊಣ್ಣೆಯಿಂದ ರೈತನ ತಲೆಯೊಡೆದನು. ರೈತನ ಪಂಥದವರು ಕೂಡಿ ಕಾಲಾಳನ್ನು ಸಾಯಬಡಿದರು. ಅವರನ್ನು ಹಿಡಿಯಲು ಬಂದ ಅಧಿಕಾರಿಯ ದಂಡೂ ಸೋತಿತು. ಕಡೆಗೆ ಫೌಜುದಾರನೇ ಮಡಿದು, ಊರು ಸತ್ನಾಮಿಗಳ ಕೈಸೇರಿತು. ಅವರು ಮಸೀದಿಗಳನ್ನು ಕೆಡವಿದರು. ತಾವೇ ಠಾಣ್ಯಗಳನ್ನಿಟ್ಟು ಕಂದಾಯವನ್ನೆತ್ತಿದರು.

ಇವರು ಯಾರು? ದೇವರನ್ನು ‘ಸತ್ಯನಾಮ’ವೆಂದು ಭಜಿಸುತ್ತ, ಹುಬ್ಬನ್ನೂ ಬಿಡದೆ ಬೋಳಿಸಿಕೊಳ್ಳುತ್ತಿದ್ದುದರಿಂದ ‘ಮುಂಡಿಯಾ’ ಎನಿಸಿಕೊಂಡಿದ್ದ ಜನ. 19ನೆಯ ಶತಮಾನದಲ್ಲಿ ಛತ್ತೀಸಗಢದಲ್ಲಿ ಘಾಸೀದಾಸರಿಂದ ಹುಟ್ಟಿದ ಸತ್ನಾಮಿ ಪಂಥ ಬೇರೆ. ಖಾಫಿ ಖಾನನು ಹೇಳುವಂತೆ ಇವರದು ನಾಲ್ಕೈದು ಸಾವಿರ ಮನೆ. ವೇಷ ಫಕೀರರದು, ವೃತ್ತಿ ಬೇಸಾಯ ಮತ್ತು ಅಲ್ಪ ಬಂಡವಾಳದ ವ್ಯಾಪಾರ. ಅನ್ಯಾಯದ ಹಣ ಅವರಿಗೆ ನಿಷಿದ್ಧ. ಆದರೆ ಬಲಾತ್ಕಾರವನ್ನು ಸಹಿಸುವವರಲ್ಲ, ಬಹುಮಂದಿ ಆಯುಧಧಾರಿಗಳು. ದರಬಾರಿನ ಚರಿತ್ರಕಾರನಾದ ಮುಸ್ತೈದ್ ಖಾನನು ಇವರನ್ನು ಅಕ್ಕಸಾಲಿ, ಬಡಗಿ, ಜಾಡಮಾಲಿ, ಚರ್ಮ ಹದಮಾಡುವವ ಎಂದು ಮೂದಲಿಸುತ್ತಾನೆ. ಅವನ ತಿರಸ್ಕಾರವನ್ನು ಕಳೆದರೆ ಉಳಿಯುವುದು ನಮಗೆ ಬೇಕಾದ ಸಂಗತಿ: ದುಡಿಯುವ ಜಾತಿಗಳು ಇಲ್ಲಿ ಒಂದಾಗಿದ್ದುವು. ಇದು ಬರಿಯ ಹಿಂದೂ-ಮುಸ್ಲಿಂ ಕಲಹವೆನ್ನುವವರು, ಸ್ವತಃ ಹಿಂದುವಾದ ಈಶ್ವರದಾಸ ನಾಗರನು ಇವರನ್ನು ಎಷ್ಟು ಹೀನವಾಗಿ ಬಯ್ದಿರುವನೆಂಬುದನ್ನು ನೋಡಬೇಕು.

ಜಯದ ಮೇಲೆ ಜಯ ಬಂದಂತೆ ವದಂತಿಯೂ ಬೆಳೆಯಿತು. ಕತ್ತಿ, ಬಾಣ, ಗುಂಡುಗಳು ಸತ್ನಾಮಿಗಳನ್ನು ತಾಕವು. ಅವರ ಒಂದೊಂದು ಬಾಣಕ್ಕೆ ಇಬ್ಬರು ಮೂವರು ಉರುಳುವರು ಎಂದು ಬಾದಶಹನ ಸೈನಿಕರೇ ನಂಬಿದರು. ಈ ಮೌಢ್ಯಕ್ಕೆ ನಗುವವರು ಮುಂದಿನದನ್ನೂ ಕೇಳಬೇಕು. ಔರಂಗಜೇಬನು ಸ್ವಹಸ್ತದಿಂದ ಪ್ರಾರ್ಥನೆಗಳನ್ನು ಬರೆದು, ದಂಡಿನ ಬಾವುಟಗಳಿಗೆ ಹೊಲಿಸಿದನಂತೆ. ಅಂಜಿದ ಸೈನಿಕನಿಗೆ ತರ್ಕ ಹೇಳುವುದಕ್ಕಿಂತ ಮಂತ್ರಕ್ಕೆ ಪ್ರತಿಮಂತ್ರ ಒದಗಿಸುವುದು ಸುಲಭವೆಂದು ಆ ಚತುರನು ಕಂಡುಕೊಂಡಿದ್ದನು. ಜೊತೆಗೆ ಫಿರಂಗಿಗಳನ್ನು ಕಳುಹಿಸುವುದನ್ನೂ ಮರೆಯಲಿಲ್ಲ.

ಸತ್ನಾಮಿಗಳು ಬೆನ್ನು ತೋರಲಿಲ್ಲ. ಅವರ ಕಾದಾಟವನ್ನು ವರ್ಣಿಸುವಾಗ ಶತ್ರುಪಕ್ಷದ ಮುಸ್ತೈದ್ ಖಾನನೇ ಮಹಾಭಾರತವನ್ನು ನೆನೆಯುತ್ತಾನೆ. ಸುಮಾರು 2,000 ಮಂದಿ ರಣರಂಗದಲ್ಲಿ ಬಿದ್ದರು. ಓಡುವಾಗ ಸತ್ತವರು ಇನ್ನೆಷ್ಟೋ. ದಂಡನ್ನು ನಡೆಸಿದ ರಾದಂದಾಜ್ ಖಾನನು ಶುಜಾಅತ್ ಖಾನನೆಂಬ ಬಿರುದನ್ನು ಪಡೆದನು.