ಜೇನುಮೇಣದ ಬತ್ತಿ: ಮನೆಯಲ್ಲಿ ಮಾಡಿ, ಕೊಟ್ಟಿಗೆಯಲ್ಲಿ ಹಚ್ಚಬೇಡಿ



ಕೆಂಗೇರಿ ಆಚೆಯ ಒಂದು ಸಂಘದಲ್ಲಿ ಬರಡು ರಾಸುಗಳ ತಪಾಸಣಾ ಶಿಬಿರ ಮುಗಿಸಿ ಹೊರಟಿದ್ದೆ. ಸದಸ್ಯೆಯೊಬ್ಬರು ಕವರಿನಲ್ಲಿ ಹಿಂಡಿದ ಜೇನಿನ ಎರಿ ತಂದು ತೋರಿಸಿದರು. "ಡಾಕ್ಟ್ರೇ, ಇದನ್ನ ತಿಪ್ಪೆಗೆ ಹಾಕ್ಬಿಡ್ಲಾ? ಇಲ್ಲ ಕ್ಯಾಂಡಲ್ ಮಾಡಿಟ್ಕೊಂಡ್ರೆ ಕರೆಂಟ್ ಹೋದಾಗ ಕೊಟ್ಟಿಗೆಗೆ ಆಗುತ್ತಾ?" ಎಂದು ಕೇಳಿದರು. ತಿಪ್ಪೆಗೂ ಬೇಡ, ಕೊಟ್ಟಿಗೆಗೂ ಬೇಡ ಎಂದೆ. ಮನೆ ಬಳಿ ಒಂದೆರಡು ಜೇನುಪೆಟ್ಟಿಗೆ ಇಟ್ಟುಕೊಂಡಿರುವ ಇತರ ಸದಸ್ಯರಿಗೂ ಉಪಯೋಗವಾಗಲಿ ಎಂದು ಆ ಮಾತನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೇಣ ಎಲ್ಲಿಂದ ಬರುತ್ತದೆ?

ಹಸು ಮೇವು ತಿಂದು ಕೆಚ್ಚಲಿನಲ್ಲಿ ಹಾಲು ತಯಾರಿಸುವಂತೆ, ಕೆಲಸಗಾರ ಜೇನುನೊಣ ತುಪ್ಪ ತಿಂದು ಮೇಣ ತಯಾರಿಸುತ್ತದೆ. ಅದರ ಹೊಟ್ಟೆಯ ಕೆಳಭಾಗದಲ್ಲಿ 4 ಜೊತೆ ಮೇಣದ ಗ್ರಂಥಿಗಳಿವೆ. 1 ಕಿಲೋ ಮೇಣಕ್ಕೆ ಸುಮಾರು 6ರಿಂದ 8 ಕಿಲೋ ತುಪ್ಪ ಖರ್ಚಾಗುತ್ತದೆ ಎಂಬುದು ಸಾಮಾನ್ಯ ಅಂದಾಜು. ಹಾಗಾಗಿ ಅದನ್ನು ತಿಪ್ಪೆಗೆ ಎಸೆಯುವುದು ನಷ್ಟ. ಅಂಗಡಿಯಲ್ಲಿ ಸಿಗುವ ಬಿಳಿ ಮೇಣದಬತ್ತಿಯ ಹೆಸರಿನಲ್ಲಷ್ಟೇ ಮೇಣವಿದೆ. ಸಾಮಾನ್ಯವಾಗಿ ಅದು ಪೆಟ್ರೋಲಿಯಂನಿಂದ ಬರುವ ಪ್ಯಾರಾಫಿನ್.

ಎರಡು ತುಡುವೆ ಪೆಟ್ಟಿಗೆಯಿಂದ ಸಿಗುವ ಮೇಣ ಒಂದು ಹಿಡಿಯಷ್ಟೇ. ಇದನ್ನು ವ್ಯಾಪಾರವೆಂದು ಲೆಕ್ಕ ಹಾಕಬೇಡಿ, ಕಾರ್ತಿಕದ ದೀಪಕ್ಕೆ ಸಾಕು. ಮೇಣದ ಆಸೆಗೆ ಹೆಜ್ಜೇನಿನ ತಂಟೆಗಂತೂ ಹೋಗಲೇಬೇಡಿ. ಅದು ಕೆರಳಿದರೆ ಹಗ್ಗದಲ್ಲಿ ಕಟ್ಟಿದ ರಾಸಿಗೆ ಓಡಲೂ ಆಗುವುದಿಲ್ಲ.

ಮೇಣ ಶುದ್ಧಿ ಮಾಡುವ ಕ್ರಮ

1. ಎರಿಯನ್ನು ತಣ್ಣೀರಿನಲ್ಲಿ ತೊಳೆದು ತುಪ್ಪದ ಅಂಶ ತೆಗೆಯಿರಿ. ಹಾಗೇ ಕೂಡಿಟ್ಟರೆ ಮೇಣದ ಹುಳು ತಿಂದು ಬಲೆ ಕಟ್ಟುತ್ತದೆ. ಬೇಗ ಕರಗಿಸಿ.

2. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಸ್ಟೀಲ್ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಸಣ್ಣ ಉರಿಯಲ್ಲಿ ಕಾಯಿಸಿ. ಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ನೀರು ಕುದಿಯಬೇಕಿಲ್ಲ. ಗಡಸು ನೀರಿನಲ್ಲಿ ಮೇಣ ಕೆಡುವುದರಿಂದ ಬೋರ್‌ವೆಲ್ ನೀರಿಗಿಂತ ಮಳೆನೀರು ಒಳ್ಳೆಯದು. ಕಬ್ಬಿಣ, ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಬಣ್ಣ ಕಪ್ಪಾಗುತ್ತದೆ.

3. ಗಂಟನ್ನು ಸೌಟಿನಿಂದ ಒತ್ತಿ ತೆಗೆಯಿರಿ. ಪಾತ್ರೆ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಮೇಣ ಬಿಲ್ಲೆಯಾಗಿ ಮೇಲೆ ತೇಲುತ್ತಿರುತ್ತದೆ. ತಳಕ್ಕೆ ಅಂಟಿದ ಕಸವನ್ನು ಕೆರೆದುಬಿಡಿ.

ಈ ಕೆಲಸಕ್ಕೆ ಹಾಲು ಕರೆಯುವ ಬಕೆಟ್ಟಾಗಲಿ ಕ್ಯಾನಾಗಲಿ ಬೇಡ. ಸಂದಿಗೆ ಅಂಟಿದ ಮೇಣ ತೊಳೆದರೂ ಹೋಗುವುದಿಲ್ಲ.

ಬತ್ತಿ ಮಾಡುವುದು

ನೀರಿರುವ ದೊಡ್ಡ ಪಾತ್ರೆಯೊಳಗೆ ಚಿಕ್ಕ ಪಾತ್ರೆ ಇಟ್ಟು, ಅದರಲ್ಲಿ ಮೇಣ ಕರಗಿಸಿ. ನೇರ ಉರಿಯ ಮೇಲೆ ಇಡಬೇಡಿ, ಬಿಟ್ಟು ಕದಲಬೇಡಿ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಹಾಕಿದರೆ ಉರಿಯುವ ಮೇಣ ಸಿಡಿಯುತ್ತದೆ. ಒಲೆ ಆರಿಸಿ ತಟ್ಟೆ ಮುಚ್ಚಿ.

ಹತ್ತಿಯ ದಾರದ ಮೂರು ಎಳೆ ಜಡೆಯಂತೆ ಹೆಣೆದು, ಕರಗಿದ ಮೇಣದಲ್ಲಿ ಅದ್ದಿ ನೇರ ಮಾಡಿ ಒಣಗಿಸಿ. ಮಣ್ಣಿನ ಹಣತೆ ಅಥವಾ ಸಣ್ಣ ಸ್ಟೀಲ್ ಲೋಟದ ನಡುವೆ ನಿಲ್ಲಿಸಿ, ಮೇಲೊಂದು ಕಡ್ಡಿಗೆ ಕಟ್ಟಿ. ಮೇಣ ಅಂಚಿನಲ್ಲಿ ಗಟ್ಟಿಯಾಗಲು ಶುರುವಾದಾಗ ಸುರಿಯಿರಿ. ನಿಧಾನವಾಗಿ ತಣಿಯಲಿ, ಫ್ರಿಜ್‌ನಲ್ಲಿಟ್ಟರೆ ಬಿರುಕು ಬಿಡುತ್ತದೆ. ನಡುವೆ ಗುಳಿ ಬಿದ್ದರೆ ಇನ್ನಷ್ಟು ಮೇಣ ಹಾಕಿ.

ಮೊದಲು ಒಂದನ್ನು ಹಚ್ಚಿ ನೋಡಿ. ಜ್ವಾಲೆ ಕುಗ್ಗಿ ಬತ್ತಿಯ ಸುತ್ತ ಮಾತ್ರ ಗುಳಿ ಬಿದ್ದರೆ ದಪ್ಪ ಬತ್ತಿ ಬೇಕು, ಹೊಗೆ ಬಂದರೆ ತೆಳು ಬತ್ತಿ ಬೇಕು. ಕೆಲವು ವಾರಗಳ ನಂತರ ಮೇಲೆ ಬಿಳಿ ಪುಡಿಯಂತೆ ಕಂಡರೆ ಅದು ಬೂಷ್ಟಲ್ಲ, ಜೇನುಮೇಣದ ಗುಣ. ಬಟ್ಟೆಯಿಂದ ಒರೆಸಿದರೆ ಸಾಕು.

ಕೊಟ್ಟಿಗೆಯಲ್ಲಿ ಏಕೆ ಬೇಡ?

ಒಂದು ರಾತ್ರಿ ನನಗೆ ಕರೆ ಬಂತು. ಹಸು ಕರು ಹಾಕುವ ಹೊತ್ತಿಗೆ ಕರೆಂಟ್ ಹೋಗಿತ್ತು. ಮನೆಯವರು ಗೋದಲಿಯ ಅಂಚಿಗೆ ಮೇಣದಬತ್ತಿ ಅಂಟಿಸಿ, ಬಿಸಿನೀರು ತರಲು ಒಳಗೆ ಹೋಗಿದ್ದರು. ಹಸು ತಲೆ ಆಡಿಸಿದಾಗ ಬತ್ತಿ ಒಣಹುಲ್ಲಿನ ಮೇಲೆ ಬಿತ್ತು. ನಾನು ಹೋಗುವಷ್ಟರಲ್ಲಿ ಬೆಂಕಿ ಆರಿಸಿದ್ದರು. ಕರು ಉಳಿಯಿತು, ಹಸುವೂ ಉಳಿಯಿತು. ಆದರೆ ಕೆಚ್ಚಲು ಸುಟ್ಟು ಎರಡು ಮೊಲೆ ಶಾಶ್ವತವಾಗಿ ಬತ್ತಿದವು. ಮೇಣ ಜೇನಿನದಾದರೂ ಪ್ಯಾರಾಫಿನ್ನಾದರೂ ಹುಲ್ಲಿಗೆ ಹತ್ತುವ ಬೆಂಕಿ ಒಂದೇ. ಕೊಟ್ಟಿಗೆಗೆ ಚಾರ್ಜ್ ಮಾಡುವ ಟಾರ್ಚ್ ಇರಲಿ. ತಲೆಗೆ ಕಟ್ಟುವಂಥದ್ದಾದರೆ ಎರಡೂ ಕೈ ಬಿಡುವಾಗಿರುತ್ತವೆ.

ರಾಸಿಗೆ ಸುಟ್ಟ ಗಾಯವಾದರೆ ಸುಮಾರು 20 ನಿಮಿಷ ತಣ್ಣೀರು ಹರಿಸಿ. ಎಣ್ಣೆ, ಇಂಕು, ಟೂತ್‌ಪೇಸ್ಟ್ ಹಚ್ಚಬೇಡಿ. ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ. ಹೊಗೆ ಕುಡಿದ ರಾಸಿನ ಉಸಿರಾಟದ ತೊಂದರೆ ಮಾರನೆಯ ದಿನ ಕಾಣಿಸಿಕೊಳ್ಳಬಹುದು, ಗಮನವಿರಲಿ.

ಉಣ್ಣೆ ಔಷಧಿ ಹೊಡೆಯುವ ಮುನ್ನ

ಉಣ್ಣೆಗೆ ಬಳಸುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಜೇನಿಗೆ ಕಡುವಿಷ. ಇವು ಕೊಬ್ಬಿನಲ್ಲಿ ಕರಗುವುದರಿಂದ ಮೇಣದಲ್ಲಿಯೂ ಉಳಿದುಕೊಳ್ಳುತ್ತವೆ. ಸಂಜೆ ನೊಣಗಳು ಗೂಡು ಸೇರಿದ ಮೇಲೆ, ಪೆಟ್ಟಿಗೆಯಿಂದ ದೂರದಲ್ಲಿ ಸಿಂಪಡಿಸಿ. ಉಳಿದ ದ್ರಾವಣವನ್ನು ನೀರಿನ ತೊಟ್ಟಿಗೋ ಕಾಲುವೆಗೋ ಚೆಲ್ಲಬೇಡಿ. ಅಲ್ಲಿ ನೀರು ಕುಡಿಯಲು ರಾಸುಗಳೂ ಬರುತ್ತವೆ, ಜೇನೂ ಬರುತ್ತದೆ.

ಆ ಸದಸ್ಯೆ ಮುಂದಿನ ಭೇಟಿಯಲ್ಲಿ ನಾಲ್ಕು ಹಣತೆ ಮಾಡಿ ತೋರಿಸಿದರು. ದೇವರ ಮನೆಗೆ ಎರಡು, ತುಳಸಿಕಟ್ಟೆಗೆ ಎರಡು. ಕೊಟ್ಟಿಗೆಯ ಗೂಟಕ್ಕೆ ಹೊಸ ಟಾರ್ಚ್ ನೇತುಹಾಕಿದ್ದರು.