ನಂದಾದೇವಿಯನ್ನು ಕಾಯ್ದವರು

ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿರುವ ನಂದಾದೇವಿಯ ಎತ್ತರ 7,816 ಮೀಟರ್. ಕಾಂಚನಜುಂಗಾ ನೇಪಾಳದ ಗಡಿಯ ಮೇಲಿದ್ದರೆ, ಇದು ಪೂರ್ತಿ ಭಾರತದ ನೆಲದಲ್ಲೇ ನಿಂತಿದೆ. ಸುತ್ತಲೂ ಹಿಮಶಿಖರಗಳ ಕೋಟೆ. ಅದನ್ನು ಸೀಳಿ ಹೊರಬರುವುದು ಋಷಿಗಂಗಾ ನದಿಯೊಂದೇ. ಆ ಕಡಿದಾದ ಕಮರಿಯಲ್ಲಿ ದಾರಿ ಹುಡುಕಿ 1934ರಲ್ಲಿ ಎರಿಕ್ ಶಿಪ್ಟನ್, ಬಿಲ್ ಟಿಲ್ಮನ್ ಮತ್ತು ಮೂವರು ಶೆರ್ಪಾಗಳು ಕೋಟೆಯೊಳಗೆ ಕಾಲಿಟ್ಟರು. 1936ರಲ್ಲಿ ಟಿಲ್ಮನ್, ನೋಯಲ್ ಓಡೆಲ್ ತುದಿ ಮುಟ್ಟಿದರು.

ಗಢವಾಲದವರಿಗೆ ನಂದಾ ಮನೆಮಗಳು. ನಮ್ಮಲ್ಲಿ ಹಬ್ಬಕ್ಕೆ ತವರಿಗೆ ಬರುವ ಗೌರಿಯನ್ನೇ ಅವರು ನಂದಾ ಎಂದು ಪೂಜಿಸುತ್ತಾರೆ. ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ರಾಜ್ ಜಾತ್ ಯಾತ್ರೆಯಲ್ಲಿ ಅವಳನ್ನು ಶಿವನ ಮನೆಗೆ ಕಳಿಸಿಕೊಡುತ್ತಾರೆ. ಮುಂದೆ ನಾಲ್ಕು ಕೊಂಬಿನ ಟಗರು, ಅದರ ಬೆನ್ನಮೇಲೆ ತವರಿನ ಉಡುಗೊರೆಯ ಗಂಟು.

ಈ ಸೀಮೆಯ ರೈಣಿ ಹಳ್ಳಿಯನ್ನು ಮರೆಯುವಂತಿಲ್ಲ. 1974ರ ಮಾರ್ಚ್ 26. ಗಂಡಸರು ಭೂಪರಿಹಾರಕ್ಕೆಂದು ಚಮೋಲಿಗೆ ಹೋಗಿದ್ದರು. ಕಂತ್ರಾಟುದಾರನ ಆಳುಗಳು ಮರ ಕಡಿಯಲು ಕಾಡಿನತ್ತ ಹೊರಟಿದ್ದನ್ನು ಕಂಡ ಹುಡುಗಿಯೊಬ್ಬಳು ಊರಿನ ಗೌರಾದೇವಿ ಎಂಬವರಿಗೆ ಸುದ್ದಿ ಮುಟ್ಟಿಸಿದಳು. ಗೌರಾದೇವಿ ಊರಿನ ಹೆಂಗಸರು, ಹೆಣ್ಣುಮಕ್ಕಳನ್ನು ಕರೆದೊಯ್ದು ಮರಗಳಿಗೆ ಅಡ್ಡ ನಿಂತರು. ಬಯ್ಗುಳ, ಬೆದರಿಕೆ ಯಾವುದಕ್ಕೂ ಜಗ್ಗಲಿಲ್ಲ. ಕೊಡಲಿ ಹಿಡಿದು ಬಂದವರು ಬರಿಗೈಲಿ ಮರಳಿದರು. ಮರ ಉಳಿಸುವ ಈ ಚಿಪ್ಕೋ ಚಳವಳಿಯ ಕಿಡಿಯೇ 1983ರಲ್ಲಿ ನಮ್ಮ ಶಿರಸಿ ಸೀಮೆಯಲ್ಲಿ ಅಪ್ಪಿಕೋ ಚಳವಳಿಯಾಯಿತು.

ಅತ್ತ ಶಿಖರಕ್ಕೆ ಪರ್ವತಾರೋಹಿಗಳ ದಂಡು ಹೆಚ್ಚಿತು. ಕಸ ಬಿತ್ತು, ಸೌದೆಗೆ ಗಿಡಗಂಟಿ ಹೋಯಿತು. 1982ರಲ್ಲಿ ಆ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿ, ಒಳಕ್ಕೆ ಹೋಗುವುದನ್ನೇ ನಿಲ್ಲಿಸಿದರು. ಹುಲ್ಲು, ಗಿಡ, ಕಸ್ತೂರಿಮೃಗಗಳಿಗೆ ಉಸಿರಾಡಲು ಬಿಡುವು ಸಿಕ್ಕಿತು. ಅದು ಆಗಲೇಬೇಕಿದ್ದ ಕೆಲಸ. ಆದರೆ ಅದೇ ಆದೇಶ ರೈಣಿ, ಲಾತಾ ಹಳ್ಳಿಗಳವರ ಕುರಿ ಮೇಯುವ ಬುಗ್ಯಾಲು ಎಂಬ ಹುಲ್ಲುಗಾವಲುಗಳನ್ನೂ, ಹೊರೆ ಹೊತ್ತು ದಾರಿ ತೋರಿಸಿ ಗಳಿಸುತ್ತಿದ್ದ ಕೂಲಿಯನ್ನೂ ಕಸಿದುಕೊಂಡಿತು.

ಕುರಿಗೆ ಬಾಗಿಲು ಮುಚ್ಚಿದ ಋಷಿಗಂಗಾ, ಕೆಳಗೆ ರೈಣಿಯ ಮಗ್ಗುಲಲ್ಲೇ ಜಲವಿದ್ಯುತ್ ಯೋಜನೆಗೆ ತೆರೆದುಕೊಂಡಿತು. ಅದರ ಸ್ಫೋಟಗಳ ವಿರುದ್ಧ ಊರವರು 2019ರಲ್ಲಿ ಹೈಕೋರ್ಟ್ ಮೆಟ್ಟಿಲೇರಿದ್ದರು. 2021ರ ಫೆಬ್ರವರಿ 7ರಂದು ರೋಂಟಿ ಪರ್ವತದಿಂದ ಬಂಡೆ, ಹಿಮ ಕುಸಿದು ಪ್ರವಾಹ ಬಂದಾಗ ಆ ಯೋಜನೆ ಕೊಚ್ಚಿಹೋಯಿತು. ಕಣಿವೆಯಲ್ಲಿ 200ಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಕಾಣೆಯಾದರು. ಕುಸಿತ ಮೇಲಿನಿಂದ ಬಂತು, ನಿಜ. ಆದರೆ ಅಂಥ ನದಿಯ ದಾರಿಯಲ್ಲಿ ಅಷ್ಟೊಂದು ಕಾರ್ಮಿಕರನ್ನು ನಿಲ್ಲಿಸಿದ್ದು ನಾವೇ.

ಶಿಖರಕ್ಕೆ ವಿಶ್ರಾಂತಿ ಬೇಕು. ಕಾಡು ಉಳಿಸಿದವರಿಗೆ ಅದರ ಪಾಲನೆಯಲ್ಲಿ ಪಾಲೂ ಬೇಕು. ಪರ್ವತದ ಭವಿಷ್ಯ ನಿರ್ಧರಿಸುವ ಸಭೆಯಲ್ಲಿ ಮೊದಲ ಮಾತು ರೈಣಿಯಂಥ ಊರುಗಳದ್ದಾಗಲಿ.