ಕಾವಿಗೆ ಕೂತ ಕೋಳಿ: ಮೊಟ್ಟೆ ಕೆಡುವುದು ಕೈಗುಣದಿಂದಲ್ಲ

ಆದೋನಿ, ಆಲೂರು, ಹೊಳಗುಂದ, ಕೌತಾಳಂ, ಕೋಸಿಗಿ ಕಡೆಯ ಒಕ್ಕಲು ಮನೆಗಳಲ್ಲಿ ನಾಲ್ಕಾರು ನಾಟಿ ಕೋಳಿಗಳಿಲ್ಲದ ಅಂಗಳ ಅಪರೂಪ. ಶೇಂಗಾ, ಹತ್ತಿ ಕೈಕೊಟ್ಟ ವರ್ಷವೂ ಮಕ್ಕಳ ಪುಸ್ತಕಕ್ಕೆ, ಔಷಧಿಗೆ, ನೆಂಟರು ಬಂದ ದಿನದ ಸಾರಿಗೆ ಒದಗುವುದು ಈ ಕೋಳಿಗಳೇ. ಇದು ಬಹುಮಟ್ಟಿಗೆ ಮನೆಯ ಹೆಂಗಸರ ಕೈಯ ಹಣ. ಆದ್ದರಿಂದ ಹನ್ನೆರಡು ಮೊಟ್ಟೆ ಇಟ್ಟಲ್ಲಿ ನಾಲ್ಕೇ ಮರಿ ಎದ್ದರೆ ಅದು ಸಣ್ಣ ನಷ್ಟವಲ್ಲ. ಹಾಗಾದಾಗ ಕೆಲವರು "ಗುಡುಗಿಗೆ ಕೆಟ್ಟವು" ಎನ್ನುತ್ತಾರೆ. ಇನ್ನು ಕೆಲವರು ಮೊಟ್ಟೆ ಇಟ್ಟ ಸೊಸೆಯ ಕೈಗುಣ ಸರಿಯಿಲ್ಲ ಎನ್ನುತ್ತಾರೆ. ಎರಡೂ ನಿಜವಲ್ಲ. ನಮ್ಮ ಸೀಮೆಯಲ್ಲಿ ಮೊಟ್ಟೆ ಕೆಡಲು ದೊಡ್ಡ ಕಾರಣ, ಕಾವಿಗೆ ಇಡುವ ಮೊದಲೇ ಅದಕ್ಕೆ ತಗಲುವ ಸೆಕೆ.

ಕಾವು ರೋಗವಲ್ಲ

ಕೋಳಿ ಗೂಡು ಬಿಟ್ಟೇಳದೆ, ಪುಕ್ಕ ಉಬ್ಬಿಸಿ, ಕೈ ಹಾಕಿದರೆ ಕುಕ್ಕುತ್ತ, 'ಕ್ಲಕ್ ಕ್ಲಕ್' ಎನ್ನುತ್ತ ರಾತ್ರಿಯೂ ಅಲ್ಲೇ ಕೂತರೆ ಅದಕ್ಕೆ ಕಾವು ಬಂದಿದೆ ಎಂದು ತಿಳಿಯಬೇಕು. ಚೀನಾ ಮೂಲದ, ರೇಷ್ಮೆಯಂಥ ಪುಕ್ಕದ ಸಿಲ್ಕಿ ಕೋಳಿಯಲ್ಲಿ ಈ ಗುಣ ಹೆಚ್ಚು. ಬೇರೆ ಹಕ್ಕಿಗಳ ಮೊಟ್ಟೆ ಮರಿ ಮಾಡಿಸಲೆಂದೇ ಅದನ್ನು ಸಾಕುವವರು ಹೊರದೇಶಗಳಲ್ಲಿದ್ದಾರೆ. ನಮ್ಮ ನಾಟಿ ಹೇಂಟೆ, ಅಸೀಲ್ ಹೇಂಟೆಗಳೂ ಈ ಕೆಲಸದಲ್ಲಿ ಕಡಿಮೆಯೇನಲ್ಲ. ಹೈದರಾಬಾದಿನ ಸಂಶೋಧನಾ ಕೇಂದ್ರದ ವನರಾಜ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಗಿರಿರಾಜ ತಳಿಗಳು ಹೆಚ್ಚು ಮೊಟ್ಟೆ ಇಡುತ್ತವೆ, ಆದರೆ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಅವುಗಳ ಮೊಟ್ಟೆಗೂ ನಾಟಿ ಕೋಳಿಯ ಮಡಿಲೇ ಬೇಕು.

ಮರಿ ಬೇಡವಾದಾಗ ಕಾವು ಬಿಡಿಸಲು ಕೋಳಿಯನ್ನು ನೀರಿನಲ್ಲಿ ಮುಳುಗಿಸುವುದು, ಮೂಗಿಗೆ ಪುಕ್ಕ ಚುಚ್ಚುವುದು ಕ್ರೂರ ಕೆಲಸ. ಗಾಳಿಯಾಡುವ, ಹುಲ್ಲು ಹಾಸದ ಪಂಜರದಲ್ಲಿ ನೆರಳಿಗಿಟ್ಟು, ಕಾಳು ನೀರು ಕೊಟ್ಟರೆ ಸಾಮಾನ್ಯವಾಗಿ ಮೂರು ನಾಲ್ಕು ದಿನಗಳಲ್ಲಿ ಕಾವು ಇಳಿಯುತ್ತದೆ.

ಮೊಟ್ಟೆಯ ಸಂಗ್ರಹ

ಹುಂಜ ಕೂಡಿದ ಕೋಳಿಯ ಮೊಟ್ಟೆ ಮಾತ್ರ ಮರಿಯಾಗುತ್ತದೆ. ಅಂಗಡಿಯ ಫಾರಂ ಮೊಟ್ಟೆಯಲ್ಲಿ ಜೀವವಿರುವುದಿಲ್ಲ.

ಮೊಟ್ಟೆಯೊಳಗಿನ ಜೀವ ತಂಪಿನಲ್ಲಿ ಮಲಗಿರುತ್ತದೆ. ಸೆಕೆ ಸುಮಾರು 25 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಮಿಸುಕತೊಡಗುತ್ತದೆ. ಆದರೆ ಬೆಳೆಯಲು ಬೇಕಾದ ಪೂರ್ತಿ ಕಾವು, ಅಂದರೆ ಸುಮಾರು 37.5 ಡಿಗ್ರಿ, ಸಿಗದೆ ಅರ್ಧಕ್ಕೇ ಸಾಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ತಗಡಿನ ಮನೆಯ ಗೂಡಿನಲ್ಲೋ ಒಲೆಯ ಪಕ್ಕದ ಡಬ್ಬಿಯಲ್ಲೋ ಹತ್ತು ಹದಿನೈದು ದಿನ ಕೂಡಿಟ್ಟ ಮೊಟ್ಟೆಗಳು ಕೋಳಿಯ ಕೆಳಗೆ ಹೋಗುವ ಮೊದಲೇ ಕೆಟ್ಟಿರುತ್ತವೆ. ಇದರಲ್ಲಿ ಗುಡುಗಿನ ತಪ್ಪೂ ಇಲ್ಲ, ಸೊಸೆಯ ತಪ್ಪೂ ಇಲ್ಲ.

ಇದಕ್ಕೆ ಖರ್ಚಿಲ್ಲದ ಉಪಾಯವಿದೆ. ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ಮರಳು ತುಂಬಿ, ನೀರು ಚಿಮುಕಿಸಿ, ಅದರ ಮೇಲೆ ಇನ್ನೊಂದು ಚಿಕ್ಕ ಗಡಿಗೆ ಇಡಿರಿ. ಒಳಗೆ ಒಣ ಬಟ್ಟೆ ಹಾಸಿ, ಚೂಪು ತುದಿ ಕೆಳಗಾಗುವಂತೆ ಮೊಟ್ಟೆ ಜೋಡಿಸಿ, ತೆಳು ಬಟ್ಟೆ ಮುಚ್ಚಿ ನೆರಳಿನಲ್ಲಿಡಿರಿ. ಮೊಟ್ಟೆಯನ್ನು ತೊಳೆಯಬಾರದು, ಸಿಪ್ಪೆಯ ಮೇಲಿನ ರಕ್ಷಣೆಯ ಪೊರೆ ಹೋಗುತ್ತದೆ. ಚಳಿಗಾಲದಲ್ಲಿ ಏಳು ದಿನ, ಬೇಸಿಗೆಯಲ್ಲಿ ಮೂರು ನಾಲ್ಕು ದಿನಕ್ಕಿಂತ ಹಳೆಯ ಮೊಟ್ಟೆ ಕಾವಿಗೆ ಬೇಡ. ಮಳೆ ಮುಗಿದ ಮೇಲೆ ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಮರಿ ಮಾಡಿಸುವುದು ಎಲ್ಲಕ್ಕಿಂತ ಲೇಸು.

ಇಪ್ಪತ್ತೊಂದು ದಿನದ ಆರೈಕೆ

ಬುಟ್ಟಿಯ ತಳದಲ್ಲಿ ತುಸು ತೇವದ ಮಣ್ಣು, ಮೇಲೆ ಒಣ ಹುಲ್ಲು ಹಾಕಿ, ಇಲಿ, ಬೆಕ್ಕು, ಮುಂಗುಸಿ, ಇರುವೆ ಬಾರದ ಮಬ್ಬು ಜಾಗದಲ್ಲಿಡಿರಿ. ಹುಲ್ಲಿನಲ್ಲಿ ಸ್ವಲ್ಪ ಬೂದಿ, ಬೇವಿನ ಸೊಪ್ಪು ಬೆರೆಸಿದರೆ ಹೇನು ನುಸಿಯ ಕಾಟ ಕಡಿಮೆ. ಹತ್ತಿಗೆ ಹೊಡೆಯುವ ಔಷಧವನ್ನು ಕೋಳಿಗೆ ಎಂದೂ ಹಚ್ಚಬಾರದು. ಅದು ಕೋಳಿಗೂ, ಮುಟ್ಟಿದ ಮಕ್ಕಳಿಗೂ ವಿಷ.

ಹತ್ತು ಹನ್ನೆರಡು ಮೊಟ್ಟೆ ಸಾಕು. ಎಲ್ಲವನ್ನೂ ಒಂದೇ ದಿನ, ಕತ್ತಲಾದ ಮೇಲೆ ಇಡಿರಿ. ಇದ್ದಿಲಿನಿಂದ ಗುರುತು ಹಾಕಿದರೆ ಬೇರೆ ಕೋಳಿ ಬಂದಿಟ್ಟ ಹೊಸ ಮೊಟ್ಟೆಯನ್ನು ತೆಗೆಯಲು ಅನುಕೂಲ. ಮೊಟ್ಟೆ ಹೊರಳಿಸುವ ಕೆಲಸ ಕೋಳಿಯದೇ. ನಾವು ಕೈ ಹಾಕಬೇಕಿಲ್ಲ. ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಅದು ಎದ್ದು ಬರುತ್ತದೆ. ಆಗ ಜೋಳವೋ ಸಜ್ಜೆಯೋ, ತಣ್ಣೀರು ಸಿದ್ಧವಿರಲಿ. ಏಳದಿದ್ದರೆ ರೆಕ್ಕೆಯಡಿ ಮೊಟ್ಟೆ ಸಿಕ್ಕಿಲ್ಲವೆಂದು ನೋಡಿ ಮೆಲ್ಲಗೆ ಎತ್ತಿ ಹೊರಗೆ ಬಿಡಿರಿ. ಬೇಸಿಗೆಯಲ್ಲಿ ನೀರಿಲ್ಲದೆ ಗೂಡಿನಲ್ಲೇ ಸೊರಗಿ ಸಾಯುವ ಕೋಳಿಗಳುಂಟು.

ಏಳೆಂಟನೆಯ ರಾತ್ರಿ ಕತ್ತಲ ಕೋಣೆಯಲ್ಲಿ ಟಾರ್ಚಿನ ಬೆಳಕಿಗೆ ಮೊಟ್ಟೆ ಹಿಡಿದು ನೋಡಿರಿ. ಜೇಡರ ಬಲೆಯಂತೆ ಕೆಂಪು ನರಗಳು ಕಂಡರೆ ಮರಿ ಬೆಳೆಯುತ್ತಿದೆ. ತಿಳಿಯಾಗಿದ್ದರೆ ಬಂಜೆ ಮೊಟ್ಟೆ. ರಕ್ತದ ಉಂಗುರ ಕಂಡರೆ ಮರಿ ಸತ್ತಿದೆ. ಇಂಥವನ್ನು ತೆಗೆದು ಹೂಳಿರಿ. ಕೊಳೆತ ಮೊಟ್ಟೆ ಒಡೆದರೆ ಉಳಿದವಕ್ಕೂ ಸೋಂಕು. ಗೂಡು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದನ್ನು ಮಕ್ಕಳಿಗೂ ಕಲಿಸಿರಿ.

ಇಪ್ಪತ್ತೊಂದನೆಯ ದಿನದ ಹೊತ್ತಿಗೆ ಸಿಪ್ಪೆ ಬಿರಿಯುತ್ತದೆ. ಮರಿ ಪೂರ್ತಿ ಹೊರಬರಲು ಒಂದು ದಿನ ಹಿಡಿಯಬಹುದು. ಅವಸರಪಟ್ಟು ಸಿಪ್ಪೆ ಸುಲಿಯಬೇಡಿ. ಒಳಗೆ ನರಗಳಲ್ಲಿ ಇನ್ನೂ ರಕ್ತ ಹರಿಯುತ್ತಿರುತ್ತದೆ. ಹೊಟ್ಟೆಯೊಳಗೆ ಎಳೆದುಕೊಂಡ ಹಳದಿ ಅಂಶದಿಂದ ಮರಿ ಮೊದಲ ಒಂದೆರಡು ದಿನ ಬದುಕಬಲ್ಲದು.

ಮರಿಗಳ ಆಹಾರ ಮತ್ತು ಲಸಿಕೆ

ಮೊದಲು ನೀರು, ಆಮೇಲೆ ಜೋಳ, ನವಣೆಯ ನುಚ್ಚು. ನೀರಿನ ತಟ್ಟೆಯಲ್ಲಿ ಸಣ್ಣ ಕಲ್ಲುಗಳನ್ನಿಟ್ಟರೆ ಮರಿ ಮುಳುಗುವುದಿಲ್ಲ. ಬೂಸ್ಟು ಹಿಡಿದ ಶೇಂಗಾ, ಶೇಂಗಾ ಹಿಂಡಿ ಮಾತ್ರ ಬೇಡವೇ ಬೇಡ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಮರಿಗಳು ಸತ್ತಾಗ, ಬೂಸ್ಟು ಹಿಡಿದ ಶೇಂಗಾ ಹಿಂಡಿಯೇ ಕಾರಣವೆಂದು ಗೊತ್ತಾಯಿತು. ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. ಮನುಷ್ಯರ ಯಕೃತ್ತಿಗೂ ಅದು ಕೇಡು. ಶೇಂಗಾ ಬೆಳೆಯುವ ನಾವು ಇದನ್ನು ಮರೆಯಬಾರದು.

ಇಷ್ಟೆಲ್ಲ ಮಾಡಿ ಎಬ್ಬಿಸಿದ ಮರಿಗಳನ್ನು ಒಂದೇ ವಾರದಲ್ಲಿ ಒಯ್ಯುವುದು ಕೊಕ್ಕರೆ ರೋಗ, ಅಂದರೆ ರಾಣಿಖೇತ. ಅದಕ್ಕೆ ಔಷಧಿಯಿಲ್ಲ, ಲಸಿಕೆಯುಂಟು. 5ರಿಂದ 7ನೆಯ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟ ಲಸಿಕೆ, ನಾಲ್ಕನೆಯ ವಾರ ಮತ್ತೊಮ್ಮೆ, ಎಂಟನೆಯ ವಾರದ ಸುಮಾರಿಗೆ ಚುಚ್ಚುಮದ್ದು. ಪಶುವೈದ್ಯರನ್ನು ಕೇಳಿ ಹಾಕಿಸಿರಿ.

ಒಂದು ಸೀಸೆ ಲಸಿಕೆ ನೂರು ಮರಿಗಳಿಗಾಗುತ್ತದೆ. ಕಲಸಿದ ಮೇಲೆ ಬೇಗ ಮುಗಿಸಬೇಕು. ಹತ್ತು ಮರಿಯ ಒಬ್ಬ ತಾಯಿಗೆ ಅದು ದುಬಾರಿ. ಆದ್ದರಿಂದ ಒಂದು ಓಣಿಯ ಏಳೆಂಟು ಮನೆಯವರು ಮಾತಾಡಿಕೊಂಡು ಒಂದೇ ವಾರದಲ್ಲಿ ಕೋಳಿಗಳನ್ನು ಕಾವಿಗೆ ಕೂರಿಸಿದರೆ ಮರಿಗಳೂ ಒಟ್ಟಿಗೆ ಏಳುತ್ತವೆ, ಒಂದೇ ಸೀಸೆ ಎಲ್ಲರಿಗೂ ಸಾಕಾಗುತ್ತದೆ. ಈ ಸಲ ಮಳೆಗಾಲ ಕಳೆದ ಕೂಡಲೇ ನಮ್ಮ ಅಕ್ಕತಂಗಿಯರು ಹೀಗೆ ಮಾಡಿ ನೋಡಲಿ.